‘ಮಾಡಬೇಕಾದ’, ‘ಮಾಡಬಹುದಾದ’, ‘ಮಾಡಬಾರದ’: ಕನ್ನಡದ ಒಂದು ಪದವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವ ಬಗೆ

ಹನುಮಂತನಗರದ ಒಂದು ಮನೆಯ ಮೇಲ್ಮಹಡಿಯ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಾನು ನಡೆಸುವ ಇಂಗ್ಲಿಷ್ ತರಗತಿಗೆ, ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುವ ಹನ್ನೆರಡು ಹದಿಮೂರು ಮಂದಿ ಬರುತ್ತಾರೆ. ಅವರಲ್ಲಿ ಮಧುಗಿರಿ ಕಡೆಯ ಹುಡುಗಿಯೊಬ್ಬಳು ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುತ್ತಾಳೆ. ಕನ್ನಡ ಬಾರದ ರೋಗಿಯೊಬ್ಬರಿಗೆ ‘ನೀವು ನೋಡಬೇಕಾದ ಡಾಕ್ಟರ್ ಇವತ್ತು ಬಂದಿಲ್ಲ’ ಎಂದು ತಿಳಿಸಬೇಕಾಗಿ ಬಂದಾಗ ಅವಳ ಬಾಯಿಂದ ಹೊರಟದ್ದು ‘ವಿಚ್ ಡಾಕ್ಟರ್ ಯೂ ಮಸ್ಟ್ ಸೀ ಹಿಮ್, ದಟ್ ಡಾಕ್ಟರ್ ನಾಟ್ ಕಮ್ ಟುಡೇ’ ಎಂಬ ವಾಕ್ಯ. ರೋಗಿ ಎರಡು ಸಲ ಕೇಳಿಸಿಕೊಂಡು, ಹೇಗೋ ಅರ್ಥ ಮಾಡಿಕೊಂಡು ಹೋದರಂತೆ. ‘ಮೇಡಂ, ಒಂದೊಂದು ಪದವೂ ನನಗೆ ಗೊತ್ತಿತ್ತು, ಯಾವುದನ್ನು ಎಲ್ಲಿ ಇಡಬೇಕು ಅಂತ ಮಾತ್ರ ಗೊತ್ತಾಗಲಿಲ್ಲ’ ಎಂದು ಅವಳು ಹೇಳಿದಳು.

ಅವಳ ಮಾತು ಸರಿಯಾಗಿಯೇ ಇದೆ. ಪದಗಳ ಕೊರತೆಯಿಂದ ಹುಟ್ಟಿದ ತೊಡಕು ಇದಲ್ಲ. ಕನ್ನಡದಲ್ಲಿ ಒಂದೇ ಪದವಾಗಿ ಹೆಣೆದುಕೊಂಡಿರುವುದನ್ನು ಇಂಗ್ಲಿಷಿನಲ್ಲಿ ಯಾವ ಕ್ರಮದಲ್ಲಿ ಬಿಡಿಸಬೇಕೆಂಬುದು ತಿಳಿಯದೆ ಹುಟ್ಟಿದ ತೊಡಕು. ಆದ್ದರಿಂದ ಪರಿಹಾರವನ್ನೂ ಮೊದಲು ಕನ್ನಡದಲ್ಲಿಯೇ ಹುಡುಕುವುದು ಮೇಲು.

ಕನ್ನಡಿಯಲ್ಲಿ ನೋಡಿದಂತೆ ಓದುವುದು

ಮಾಡಿದ, ಮಾಡುವ, ಮಾಡದ ಎಂಬ ರೂಪಗಳನ್ನು ಕೃದಂತನಾಮ ಎಂದು ನಾವು ಪ್ರೌಢಶಾಲೆಯ ವ್ಯಾಕರಣದಲ್ಲಿ ಕಲಿತಿದ್ದೇವೆ. ಇವು ಮುಂದೆ ಬರುವ ನಾಮಪದಕ್ಕೆ ಅಂಟಿಕೊಂಡು ಅದನ್ನು ವಿವರಿಸುತ್ತವೆ: ಮಾಡಿದ ಕೆಲಸ, ಮಾಡುವ ಕೆಲಸ, ಮಾಡದ ಕೆಲಸ. ಇದೇ ಜಾಗದಲ್ಲಿ ಬೇಕು, ಬಹುದು, ಬಾರದು, ಬಲ್ಲ ಎಂಬವುಗಳನ್ನು ಸೇರಿಸಿದಾಗ ಮಾಡಬೇಕಾದ, ಮಾಡಬಹುದಾದ, ಮಾಡಬಾರದ, ಮಾಡಬಲ್ಲ ಎಂಬ ರೂಪಗಳು ಸಿಗುತ್ತವೆ. ಇಂಗ್ಲಿಷಿನಲ್ಲಿ ಬೇಕು, ಬಹುದು ಎಂಬ ಅರ್ಥವನ್ನು ಕೊಡುವ ಮಸ್ಟ್, ಶುಡ್, ಕ್ಯಾನ್, ಮೇ ಮುಂತಾದವುಗಳನ್ನು ಮೋಡಲ್ ಕ್ರಿಯಾಪದಗಳೆನ್ನುತ್ತಾರೆ. ನಾಮಪದದ ಬೆನ್ನಿಗೆ ಹೂ, ವಿಚ್, ದಟ್, ವೇರ್ ಎಂಬ ಕೊಂಡಿಪದಗಳ ಮೂಲಕ ಬಂದು ಸೇರುವ ವಿವರಣೆಯ ಭಾಗವನ್ನು ರಿಲೇಟಿವ್ ಕ್ಲಾಜ್, ಅಂದರೆ ಸಂಬಂಧವಾಕ್ಯ, ಎನ್ನುತ್ತಾರೆ. ನಮ್ಮ ‘ಬೇಕಾದ’ ಎಂಬ ಒಂದು ತುಣುಕಿನಲ್ಲಿ ಈ ಎರಡೂ ಅಡಗಿವೆ: ‘ಬೇಕು’ ಎಂಬುದು ಮೋಡಲ್, ‘ಆದ’ ಎಂಬುದು ಕೊಂಡಿ.

ತರಗತಿಯಲ್ಲಿ ನಾನು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹರಿದು ಚೀಟಿಗಳನ್ನು ಮಾಡುತ್ತೇನೆ. ಆ ದಿನ ಮೇಜಿನ ಮೇಲೆ ‘ಕನ್ನಡ’, ‘ಮಾತಾಡು’, ‘ಬಲ್ಲ’, ‘ಡ್ರೈವರ್’ ಎಂಬ ನಾಲ್ಕು ಚೀಟಿಗಳನ್ನು ಎಡದಿಂದ ಬಲಕ್ಕೆ ಜೋಡಿಸಿ ‘ಕನ್ನಡ ಮಾತಾಡಬಲ್ಲ ಡ್ರೈವರ್’ ಎಂದು ಓದಿಸಿದೆ. ಅನಂತರ ಅದೇ ಚೀಟಿಗಳನ್ನು ಬಲದಿಂದ ಎಡಕ್ಕೆ ಓದುತ್ತಾ ಒಂದೊಂದರ ಕೆಳಗೆ ಇಂಗ್ಲಿಷ್ ಪದವನ್ನು ಬರೆಯಲು ಹೇಳಿದೆ. ಡ್ರೈವರ್, ಕ್ಯಾನ್, ಸ್ಪೀಕ್, ಕನ್ನಡ. ನಡುವೆ ‘ಹೂ’ ಎಂಬ ಒಂದು ಚೀಟಿಯನ್ನು ತೂರಿಸಿದ್ದೇ ತಡ, ‘ಎ ಡ್ರೈವರ್ ಹೂ ಕ್ಯಾನ್ ಸ್ಪೀಕ್ ಕನ್ನಡ’ ಸಿದ್ಧವಾಯಿತು. ‘ಮೆಜೆಸ್ಟಿಕ್‌ನಲ್ಲಿ ಇಳಿಯಬೇಕಾದ ಪ್ರಯಾಣಿಕರು’ ಎಂಬುದನ್ನೂ ಹೀಗೆಯೇ ಹಿಂದುಮುಂದಾಗಿ ಓದಿ ನೋಡಿ: ಪ್ರಯಾಣಿಕರು, ಆದ, ಬೇಕು, ಇಳಿ, ಅಲ್ಲಿ, ಮೆಜೆಸ್ಟಿಕ್. ಇಂಗ್ಲಿಷಿನ ‘ಪ್ಯಾಸೆಂಜರ್ಸ್ ಹೂ ಹ್ಯಾವ್ ಟು ಗೆಟ್ ಡೌನ್ ಅಟ್ ಮೆಜೆಸ್ಟಿಕ್’ ಎಂಬುದು ತುಣುಕಿಗೆ ತುಣುಕು ಅದೇ ಕ್ರಮದಲ್ಲಿದೆ. ನಮ್ಮ ವಿಭಕ್ತಿ ಪ್ರತ್ಯಯವೂ ‘ಅಟ್’ ಆಗಿ ಹೆಸರಿನ ಹಿಂದಿನಿಂದ ಮುಂದಕ್ಕೆ ಬಂದಿದೆ. ಈ ವಿಷಯವನ್ನು ಕಲಿಸುವಾಗಲೆಲ್ಲ ನನಗೆ ಹೊಸದಾಗಿ ಕಂಡಂತೆ ಸಂತೋಷವಾಗುತ್ತದೆ, ಏಕೆಂದರೆ ಎರಡು ಭಾಷೆಗಳೂ ಒಂದೇ ಸಾಮಾನನ್ನು ಎರಡು ಕೊನೆಗಳಿಂದ ಜೋಡಿಸುತ್ತಿವೆ ಎಂಬುದು ಕಣ್ಣಿಗೇ ಕಾಣುತ್ತದೆ.

ಕನ್ನಡಿಯ ಈ ಓದಿನಲ್ಲಿ ಒಂದು ಅಪವಾದವಿದೆ. ‘ನೀವು ನೋಡಬೇಕಾದ ಡಾಕ್ಟರ್’ ಎಂಬಲ್ಲಿ ‘ನೀವು’ ಎಂಬ ಕರ್ತೃ ಎಡತುದಿಯಲ್ಲಿದೆ. ಹಿಂದುಮುಂದಾಗಿ ಓದಿದರೆ ಅದು ಕೊನೆಗೆ ಹೋಗಬೇಕಾಗಿತ್ತು. ಹಾಗೆ ಹೋಗುವುದಿಲ್ಲ. ಇಂಗ್ಲಿಷಿನ ಸಂಬಂಧವಾಕ್ಯದಲ್ಲಿ ಕರ್ತೃ ಯಾವಾಗಲೂ ಮೋಡಲಿನ ಮುಂದೆಯೇ ನಿಲ್ಲುತ್ತದೆ: ‘ದಿ ಡಾಕ್ಟರ್ ಯೂ ಹ್ಯಾವ್ ಟು ಸೀ’. ಆ ಒಂದು ಚೀಟಿಯನ್ನು ಎತ್ತಿ ಕೊಂಡಿಗೂ ಮೋಡಲಿಗೂ ನಡುವೆ ಇಟ್ಟರೆ ಉಳಿದದ್ದೆಲ್ಲ ತನ್ನ ಜಾಗದಲ್ಲಿಯೇ ಇರುತ್ತದೆ. ರಿಸೆಪ್ಷನ್ನಿನ ಹುಡುಗಿ ಹೇಳಬೇಕಾಗಿದ್ದ ವಾಕ್ಯ ಇಷ್ಟೇ: ‘ದಿ ಡಾಕ್ಟರ್ ಯೂ ಹ್ಯಾವ್ ಟು ಸೀ ಈಸ್ ನಾಟ್ ಹಿಯರ್ ಟುಡೇ.’

ಮೋಡಲಿನ ಅಕ್ಕಪಕ್ಕದಲ್ಲಿ ಆಗುವ ತಪ್ಪುಗಳು

ಮೋಡಲ್ ಆದ ಮೇಲೆ ಕ್ರಿಯಾಪದ ಬರಿಯ ಧಾತುವಾಗಿ ನಿಲ್ಲುತ್ತದೆ. ‘ಎ ಗರ್ಲ್ ಹೂ ಸ್ಪೀಕ್ಸ್’ ಎಂದು ಕಲಿತ ನಾಲಿಗೆ ‘ಎ ಗರ್ಲ್ ಹೂ ಕ್ಯಾನ್ ಸ್ಪೀಕ್ಸ್’ ಎನ್ನುತ್ತದೆ. ಅಲ್ಲಿ ‘ಸ್ಪೀಕ್’ ಸಾಕು. ‘ಹೂ ಮಸ್ಟ್ ಟು ಗೋ’ ಎಂಬುದೂ ಸಲ್ಲದು, ‘ಹೂ ಮಸ್ಟ್ ಗೋ’ ಎನ್ನಬೇಕು. ‘ಹ್ಯಾವ್ ಟು’, ‘ನೀಡ್ ಟು’ ಎಂಬಲ್ಲಿನ ‘ಟು’ ಆ ಪದಗಳದ್ದೇ ಭಾಗ. ನಮ್ಮ ಊರಿನ ಆಫೀಸುಗಳಲ್ಲಿ ದಿನವೂ ಕೇಳಿಬರುವ ‘ಕ್ಯಾನ್ ಏಬಲ್ ಟು’ ಎಂಬುದರಲ್ಲಿ ಒಂದೇ ಅರ್ಥ ಎರಡು ಸಲ ಬಂದಿದೆ. ಎರಡು ಮೋಡಲುಗಳು ಒಟ್ಟಿಗೆ ನಿಲ್ಲುವುದಿಲ್ಲವಾದ್ದರಿಂದ ‘ಕನ್ನಡ ಮಾತಾಡಬಲ್ಲವರಾಗಿರಬೇಕು’ ಎಂಬಂಥ ಮಾತಿಗೆ ಮಾತ್ರ ‘ಮಸ್ಟ್ ಬಿ ಏಬಲ್ ಟು ಸ್ಪೀಕ್ ಕನ್ನಡ’ ಎಂದು ‘ಏಬಲ್ ಟು’ ಬೇಕಾಗುತ್ತದೆ.

ಎರಡನೆಯ ತಪ್ಪು ಪ್ರಶ್ನೆಯ ಕ್ರಮವನ್ನು ಸಂಬಂಧವಾಕ್ಯದೊಳಕ್ಕೆ ತರುವುದು. ‘ವೇರ್ ಶುಡ್ ಐ ಪೇ’ ಎಂಬುದು ಸರಿಯಾದ ಪ್ರಶ್ನೆ. ಆದರೆ ‘ನಾನು ದುಡ್ಡು ಕಟ್ಟಬೇಕಾದ ಕೌಂಟರ್ ತೋರಿಸಿ’ ಎನ್ನುವಾಗ ಅದು ‘ಶೋ ಮಿ ದಿ ಕೌಂಟರ್ ವೇರ್ ಐ ಶುಡ್ ಪೇ’ ಎಂದಾಗುತ್ತದೆ. ಕರ್ತೃ ಮುಂದೆ, ಮೋಡಲ್ ಹಿಂದೆ. ವೇರ್, ಹೂ, ವಿಚ್ ಎಂಬ ಪದಗಳನ್ನು ನಾವು ಮೊದಲು ಪ್ರಶ್ನೆಗಳಲ್ಲಿಯೇ ಕಲಿಯುವುದರಿಂದ, ಅವು ಕಿವಿಗೆ ಬಿದ್ದೊಡನೆ ಮೋಡಲನ್ನು ಹಿಡಿದು ಮುಂದಕ್ಕೆ ಎಳೆಯುವ ಅಭ್ಯಾಸ ಬಂದುಬಿಟ್ಟಿರುತ್ತದೆ.

ಮೂರನೆಯದು ‘ಹಿಮ್’, ‘ಇಟ್’ ಎಂಬ ಅನಗತ್ಯ ಬಾಲ. ‘ಯಾವ ಫಾರಂ ಅನ್ನು ನೀವು ತುಂಬಬೇಕೋ ಆ ಫಾರಂ’ ಎಂದು ಕನ್ನಡದಲ್ಲಿ ಹೇಳುವ ಇನ್ನೊಂದು ದಾರಿಯಿದೆ. ‘ಯಾವ’ ಬಂದಲ್ಲಿ ‘ಆ’ ಬರಲೇಬೇಕು. ಆ ಜೋಡಿಯ ನೆನಪಿನಿಂದ ‘ದಿ ಫಾರಂ ವಿಚ್ ಯೂ ಮಸ್ಟ್ ಫಿಲ್ ಇಟ್’ ಎಂಬ ವಾಕ್ಯ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ‘ವಿಚ್’ ಎಂಬುದೇ ಆ ಫಾರಮಿನ ಪ್ರತಿನಿಧಿ, ಅದರ ಇನ್ನೊಬ್ಬ ಪ್ರತಿನಿಧಿಗೆ ಅಲ್ಲಿ ಕೆಲಸವಿಲ್ಲ. ‘ತುಂಬಬೇಕಾದ ಫಾರಂ’ ಎಂಬ ಕೃದಂತದಿಂದ ಹೊರಟರೆ ಈ ತಪ್ಪು ಆಗುವುದೇ ಇಲ್ಲ; ‘ಯಾವ, ಆ’ ಜೋಡಿಯಿಂದ ಹೊರಟಾಗ ಮಾತ್ರ ಆಗುತ್ತದೆ. ಆದ್ದರಿಂದ ಮನಸ್ಸಿನಲ್ಲಿ ಕನ್ನಡ ವಾಕ್ಯ ಮೊದಲು ಮೂಡುವವರು ಅದನ್ನು ಕೃದಂತದ ರೂಪಕ್ಕೆ ತಂದುಕೊಂಡು ಆಮೇಲೆ ಬಿಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕೊಂಡಿಪದವನ್ನು ಯಾವಾಗ ಬಿಟ್ಟುಬಿಡಬಹುದು ಎಂಬ ಪ್ರಶ್ನೆಗೆ ಮೋಡಲೇ ಒಳ್ಳೆಯ ಅಳತೆಗೋಲು. ಕೊಂಡಿಯ ಬೆನ್ನಿಗೇ ಮೋಡಲ್ ಬಂದರೆ ಕೊಂಡಿ ಇರಲೇಬೇಕು: ‘ಎ ಪರ್ಸನ್ ಹೂ ಕ್ಯಾನ್ ಹೆಲ್ಪ್’. ಎರಡರ ನಡುವೆ ಯೂ, ವಿ, ಮೈ ಬ್ರದರ್ ಎಂಬಂಥ ಕರ್ತೃ ಬಂದರೆ ಹೂ, ವಿಚ್, ದಟ್ ಮೂರನ್ನೂ ಬಿಡಬಹುದು, ಮಾತಿನಲ್ಲಿ ಬಿಡುವುದೇ ಹೆಚ್ಚು: ‘ಎ ಪರ್ಸನ್ ಯೂ ಕ್ಯಾನ್ ಟ್ರಸ್ಟ್’. ಇಲ್ಲಿ ‘ಹೂಮ್’ ಬರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಔಪಚಾರಿಕ ಪತ್ರದಲ್ಲಿ ಬರೆಯಲಿ, ಮಾತಿನಲ್ಲಿ ಅದರ ಗೊಡವೆ ಬೇಕಿಲ್ಲ.

ಕೊನೆಯಲ್ಲಿ ಉಳಿಯುವ ಸಣ್ಣ ಪದ

ಕನ್ನಡದ ಕೃದಂತ ಒಂದು ವಿಷಯವನ್ನು ಪೂರ್ತಿಯಾಗಿ ಕೇಳುಗರ ಊಹೆಗೆ ಬಿಡುತ್ತದೆ. ಬರೆಯಬಹುದಾದ ಕತೆ, ಬರೆಯಬಹುದಾದ ಹಾಳೆ, ಬರೆಯಬಹುದಾದ ಪೆನ್ನು ಎಂಬ ಮೂರನ್ನು ಗಮನಿಸಿ. ಕತೆಯನ್ನು ಬರೆಯುತ್ತೇವೆ, ಹಾಳೆಯ ಮೇಲೆ ಬರೆಯುತ್ತೇವೆ, ಪೆನ್ನಿನಿಂದ ಬರೆಯುತ್ತೇವೆ. ಮೂರು ಬೇರೆ ಬೇರೆ ವಿಭಕ್ತಿಗಳು, ಆದರೆ ‘ಬರೆಯಬಹುದಾದ’ ಎಂದೊಡನೆ ಮೂರೂ ಮಾಯವಾಗುತ್ತವೆ. ಕತೆ ಯಾವುದು, ಪೆನ್ನು ಯಾವುದು ಎಂಬುದು ಕನ್ನಡಿಗರಿಗೆ ತಾನಾಗಿಯೇ ತಿಳಿಯುತ್ತದೆ. ಇಂಗ್ಲಿಷ್ ಈ ಸಲುಗೆಯನ್ನು ಕೊಡುವುದಿಲ್ಲ. ‘ಎ ಸ್ಟೋರಿ ಐ ಕ್ಯಾನ್ ರೈಟ್’, ‘ಎ ಶೀಟ್ ಐ ಕ್ಯಾನ್ ರೈಟ್ ಆನ್’, ‘ಎ ಪೆನ್ ಐ ಕ್ಯಾನ್ ರೈಟ್ ವಿತ್’: ಕಳೆದುಹೋದ ವಿಭಕ್ತಿ ಇಲ್ಲಿ ‘ಆನ್’, ‘ವಿತ್’ ಎಂಬ ಸಣ್ಣ ಪದವಾಗಿ ವಾಕ್ಯದ ಬಾಲದಲ್ಲಿ ಉಳಿಯುತ್ತದೆ.

ನನ್ನ ಅನುಭವದಲ್ಲಿ ಬೆಂಗಳೂರಿನ ಕನ್ನಡಿಗರು ಮಾಡುವ ತಪ್ಪುಗಳಲ್ಲಿ ಇದೇ ಅತ್ಯಂತ ಹಠಮಾರಿ. ‘ನೀವು ಮಾತಾಡಬೇಕಾದ ಮ್ಯಾನೇಜರ್’ ಎಂಬುದು ‘ದಿ ಮ್ಯಾನೇಜರ್ ಯೂ ಶುಡ್ ಟಾಕ್’ ಎಂದು ಅರ್ಧಕ್ಕೆ ನಿಂತುಬಿಡುತ್ತದೆ. ‘ಟಾಕ್ ಟು’ ಎಂದು ಮುಗಿಸಬೇಕು. ‘ಕಾಯಬೇಕಾದ ಬಸ್ಸು’ ಎಂಬುದು ‘ದಿ ಬಸ್ ವಿ ಹ್ಯಾವ್ ಟು ವೇಟ್ ಫಾರ್’. ‘ಕುಳಿತುಕೊಳ್ಳಬಹುದಾದ ಕುರ್ಚಿ’ ಎಂಬುದು ‘ಎ ಚೇರ್ ಯೂ ಕ್ಯಾನ್ ಸಿಟ್ ಆನ್’. ಪರೀಕ್ಷಿಸಿಕೊಳ್ಳುವ ವಿಧಾನ ಸುಲಭ: ಸಂಬಂಧವಾಕ್ಯವನ್ನು ಬಿಡಿ ವಾಕ್ಯವಾಗಿ ತಿರುಗಿಸಿ, ‘ಯೂ ಶುಡ್ ಟಾಕ್ ಟು ದಿ ಮ್ಯಾನೇಜರ್’ ಎಂದು ಹೇಳಿಕೊಳ್ಳಿ. ಅಲ್ಲಿ ‘ಟು’ ಇದ್ದರೆ ಇಲ್ಲಿಯೂ ಇರಬೇಕು.

ವಾಕ್ಯವನ್ನು ಇಂಥ ಸಣ್ಣ ಪದದಿಂದ ಮುಗಿಸಬಾರದೆಂದು ಶಾಲೆಯಲ್ಲಿ ಹೇಳಿಸಿಕೊಂಡವರು ಹಿಂಜರಿಯುತ್ತಾರೆ. ಆ ಆಕ್ಷೇಪ ಹಳೆಯದು. 1672ರಲ್ಲಿ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ವಾಕ್ಯಗಳಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ್ದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್, ಮಾತಿನಲ್ಲಿ ಇದು ಬಹಳವಾಗಿ ಬಳಕೆಯಲ್ಲಿದೆಯೆಂದು ಒಪ್ಪಿ, ಗಂಭೀರ ಬರವಣಿಗೆಗೆ ಮಾತ್ರ ಸಣ್ಣ ಪದವನ್ನು ಮುಂದಿಡುವುದು ಹೆಚ್ಚು ಸೊಗಸು ಎಂದಿದ್ದ. ದಿನಬಳಕೆಯ ಇಂಗ್ಲಿಷಿಗೆ ಆ ಭಯ ಬೇಡ. ‘ದಿ ಮ್ಯಾನೇಜರ್ ಟು ಹೂಮ್ ಯೂ ಶುಡ್ ಟಾಕ್’ ಎಂದು ಕೌಂಟರಿನಲ್ಲಿ ನಿಂತು ಹೇಳುವವರನ್ನು ನಾನು ಕಂಡಿಲ್ಲ.

ಸ್ಥಳವಾದರೆ ‘ವೇರ್’ ಈ ಕಷ್ಟವನ್ನು ತಪ್ಪಿಸುತ್ತದೆ. ನೇರಳೆ ಮಾರ್ಗದ ಬೈಯಪ್ಪನಹಳ್ಳಿಯಿಂದ ಹಳದಿ ಮಾರ್ಗದ ಬೊಮ್ಮಸಂದ್ರಕ್ಕೆ ಮೆಟ್ರೋದಲ್ಲಿ ಹೊರಟ ಹೊಸಬರಿಗೆ ದಾರಿ ಹೇಳುವುದಾದರೆ, ‘ಮೆಜೆಸ್ಟಿಕ್ ಈಸ್ ದಿ ಸ್ಟೇಷನ್ ವೇರ್ ಯೂ ಹ್ಯಾವ್ ಟು ಚೇಂಜ್ ಟು ದಿ ಗ್ರೀನ್ ಲೈನ್’ ಎಂದು ಹೇಳಿ, ಆರ್.ವಿ. ರೋಡ್ ನಿಲ್ದಾಣಕ್ಕೂ ಅದೇ ಅಚ್ಚಿನಲ್ಲಿ ಇನ್ನೊಂದು ವಾಕ್ಯವನ್ನು ಸೇರಿಸಬಹುದು. ‘ವೇರ್’ ಬಂದಲ್ಲಿ ಕೊನೆಯಲ್ಲಿ ‘ಅಟ್’, ‘ಇನ್’ ಬೇಡ.

ಯಾವ ‘ಬಹುದು’, ಯಾವ ‘ಬೇಕು’

ಕ್ರಮ ಕೈಗೆ ಬಂದ ಮೇಲೆ ಉಳಿಯುವುದು ಆಯ್ಕೆ. ‘ಬಹುದು’ ಎಂಬುದರಲ್ಲಿ ಸಾಮರ್ಥ್ಯ ಅಥವಾ ಅವಕಾಶ, ಅನುಮತಿ, ಸಂಭವ ಎಂಬ ಮೂರು ಅರ್ಥಗಳಿವೆ. ‘ಮಕ್ಕಳು ಆಡಬಹುದಾದ ಜಾಗ’ ಅವಕಾಶದ ಮಾತು: ‘ಎ ಪ್ಲೇಸ್ ವೇರ್ ಚಿಲ್ಡ್ರನ್ ಕ್ಯಾನ್ ಪ್ಲೇ’. ‘ಸಂಜೆ ಬರಬಹುದಾದ ಮಳೆ’ ಸಂಭವದ ಮಾತು. ಅಲ್ಲಿ ‘ಕ್ಯಾನ್’ ಸಲ್ಲದು, ‘ರೇನ್ ದಟ್ ಮೇ ಕಮ್ ಇನ್ ದಿ ಈವ್ನಿಂಗ್’ ಎನ್ನಬೇಕು, ನಂಬಿಕೆ ಇನ್ನೂ ಕಡಿಮೆಯಿದ್ದರೆ ‘ಮೈಟ್’. ಅನುಮತಿಗೆ ಮಾತಿನಲ್ಲಿ ‘ಕ್ಯಾನ್’, ಸೂಚನಾಫಲಕದಲ್ಲಿ ‘ಮೇ’. ‘ಮೇ ನಾಟ್’ ಎಂಬುದನ್ನು ಮಾತ್ರ ಎಚ್ಚರದಿಂದ ಬಳಸಬೇಕು: ‘ಸ್ಟೂಡೆಂಟ್ಸ್ ಹೂ ಮೇ ನಾಟ್ ಕಮ್’ ಎಂದರೆ ಬರದಿರಬಹುದಾದ ವಿದ್ಯಾರ್ಥಿಗಳು ಎಂದೂ ಆಗುತ್ತದೆ, ಬರಕೂಡದ ವಿದ್ಯಾರ್ಥಿಗಳು ಎಂದೂ ಆಗುತ್ತದೆ. ಕನ್ನಡ ಇವೆರಡನ್ನು ಸ್ಪಷ್ಟವಾಗಿ ಬೇರೆಯಾಗಿಟ್ಟಿದೆ. ಇಂಗ್ಲಿಷಿನಲ್ಲಿ ಬೇರೆ ಮಾಡಲು ಮೊದಲನೆಯದಕ್ಕೆ ‘ಮೈಟ್ ನಾಟ್’, ಎರಡನೆಯದಕ್ಕೆ ‘ಆರ್ ನಾಟ್ ಅಲೌಡ್ ಟು’ ಎನ್ನುವುದು ಕ್ಷೇಮ.

‘ಬೇಕು’ ಇನ್ನೂ ಆಳವಾದದ್ದು. ಹೇಳುವವರೇ ಒತ್ತಾಯಿಸುವಾಗ ಅಥವಾ ಬರೆದ ನಿಯಮದಲ್ಲಿ ‘ಮಸ್ಟ್’, ಸನ್ನಿವೇಶ ಒತ್ತಾಯಿಸುವಾಗ ‘ಹ್ಯಾವ್ ಟು’, ಸಲಹೆಗೆ ‘ಶುಡ್’ ಎಂಬುದು ಸ್ಥೂಲವಾದ ಹಂಚಿಕೆ. ಕಷ್ಟ ಎದುರಾಗುವುದು ಭೂತಕಾಲದಲ್ಲಿ. ‘ಮಸ್ಟ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಇನ್ನೊಂದು ಕ್ರಿಯಾಪದದ ಭೂತಕಾಲದ ರೂಪವೇ ಆಗಿತ್ತು. ಅದು ವರ್ತಮಾನಕ್ಕೆ ಸರಿದುಬಂದ ಮೇಲೆ ಅದಕ್ಕೆ ತನ್ನದೆನ್ನುವ ಭೂತಕಾಲ ಉಳಿಯಲಿಲ್ಲ. ಹೀಗಾಗಿ ನಾವು ಮೂರು ದಾರಿ ಹಿಡಿಯಬೇಕಾಗುತ್ತದೆ, ಮತ್ತು ಆ ಮೂರೂ ದಾರಿಗಳು ಕನ್ನಡದಲ್ಲಿ ಆಗಲೇ ಗುರುತಾಗಿವೆ.

‘ನಾನು ಕಟ್ಟಬೇಕಾಗಿ ಬಂದ ದಂಡ’ ಎಂದರೆ ಕಟ್ಟಿಯಾಗಿದೆ: ‘ದಿ ಫೈನ್ ಐ ಹ್ಯಾಡ್ ಟು ಪೇ’. ‘ಬೆಳಿಗ್ಗೆ ಬರಬೇಕಾಗಿದ್ದ ಪ್ಲಂಬರ್’ ಎಂದರೆ ಬರುವುದೆಂದು ನಿಗದಿಯಾಗಿತ್ತು, ಬಂದಿಲ್ಲ: ‘ದಿ ಪ್ಲಂಬರ್ ಹೂ ವಾಸ್ ಸಪೋಸ್ಡ್ ಟು ಕಮ್ ಇನ್ ದಿ ಮಾರ್ನಿಂಗ್’. ‘ಆಗಲೇ ಹೇಳಬೇಕಾಗಿದ್ದ ಮಾತು’ ಎಂದರೆ ಹೇಳದೆ ಉಳಿದ ಮಾತು, ಅದರಲ್ಲಿ ವಿಷಾದವಿದೆ: ‘ಸಮ್‌ಥಿಂಗ್ ಐ ಶುಡ್ ಹ್ಯಾವ್ ಸೆಡ್ ದೆನ್’. ‘ಬೇಕಾಗಿ ಬಂದ’ ಮತ್ತು ‘ಬೇಕಾಗಿದ್ದ’ ಎಂಬ ಎರಡು ರೂಪಗಳ ಅಂತರವನ್ನು ಕನ್ನಡಿಗರು ಯೋಚಿಸದೆಯೇ ಬಲ್ಲರು. ಅದೇ ಅಂತರದ ಮೇಲೆ ಭಾರ ಹಾಕಿದರೆ ‘ಹ್ಯಾಡ್ ಟು’ ಮತ್ತು ‘ಶುಡ್ ಹ್ಯಾವ್’ ಎಂದಿಗೂ ಅದಲುಬದಲಾಗುವುದಿಲ್ಲ. ‘ಬಹುದು’ವಿಗೂ ಈ ಜೋಡಿ ಉಂಟು: ‘ಬಂದಿರಬಹುದಾದ ಅತಿಥಿಗಳು’ ಎಂದರೆ ‘ಗೆಸ್ಟ್ಸ್ ಹೂ ಮೇ ಹ್ಯಾವ್ ಕಮ್’, ನಮಗೆ ಗೊತ್ತಿಲ್ಲ, ‘ಬರಬಹುದಾಗಿದ್ದ ಅತಿಥಿಗಳು’ ಎಂದರೆ ‘ಗೆಸ್ಟ್ಸ್ ಹೂ ಕುಡ್ ಹ್ಯಾವ್ ಕಮ್’, ಅವರು ಬರಲಿಲ್ಲ.

ಆಫೀಸಿನ ಇಮೇಲುಗಳಲ್ಲಿ ಗೌರವಕ್ಕೆಂದು ‘ವಿಲ್’ ಬದಲು ‘ವುಡ್’ ಬರೆಯುವ ರೂಢಿಯೂ ನಮ್ಮಲ್ಲಿದೆ. ‘ನಾಳೆ ಬರುವವರು’ ಎಂಬುದು ‘ದೋಸ್ ಹೂ ವಿಲ್ ಕಮ್ ಟುಮಾರೋ’ ಎಂದೇ ಆಗಬೇಕು.

ನಿಷೇಧದ ಮೂರು ರೂಪಗಳಲ್ಲಿ ತಪ್ಪಿದರೆ ಅಪಾಯ ಮಾತಿಗಷ್ಟೇ ಸೀಮಿತವಾಗಿರುವುದಿಲ್ಲ. ರಿಸೆಪ್ಷನ್ನಿನ ಆ ಹುಡುಗಿಗೆ ಔಷಧಿಚೀಟಿಯನ್ನು ರೋಗಿಗೆ ವಿವರಿಸುವ ಕೆಲಸವೂ ಆಗಾಗ ಬರುತ್ತದೆ. ನಾನು ಮೇಜಿನ ಮೇಲೆ ಮೂರು ಚೀಟಿಗಳನ್ನಿಟ್ಟೆ: ತೆಗೆದುಕೊಳ್ಳಬಾರದ ಮಾತ್ರೆ, ತೆಗೆದುಕೊಳ್ಳಬೇಕಾಗಿಲ್ಲದ ಮಾತ್ರೆ, ನುಂಗಲಾಗದ ಮಾತ್ರೆ. ಮೊದಲನೆಯದು ‘ಎ ಟ್ಯಾಬ್ಲೆಟ್ ಯೂ ಮಸ್ಟ್ ನಾಟ್ ಟೇಕ್’: ತೆಗೆದುಕೊಂಡರೆ ಕೆಡುಕು. ಎರಡನೆಯದು ‘ಎ ಟ್ಯಾಬ್ಲೆಟ್ ಯೂ ಡೋಂಟ್ ಹ್ಯಾವ್ ಟು ಟೇಕ್’: ತೆಗೆದುಕೊಳ್ಳದಿದ್ದರೂ ನಡೆಯುತ್ತದೆ. ಮೂರನೆಯದು ‘ಎ ಟ್ಯಾಬ್ಲೆಟ್ ಯೂ ಕಾಂಟ್ ಸ್ವಾಲೋ’: ದೊಡ್ಡದಾಗಿದೆ, ಗಂಟಲಲ್ಲಿ ಇಳಿಯದು. ಅವಳು ಎರಡನೆಯ ಚೀಟಿಯ ಕೆಳಗೂ ‘ಮಸ್ಟ್ ನಾಟ್’ ಎಂದೇ ಬರೆದಿದ್ದಳು. ‘ಮಸ್ಟ್’ ಎಂದರೆ ಬೇಕು, ‘ನಾಟ್’ ಎಂದರೆ ಇಲ್ಲ, ಆದ್ದರಿಂದ ‘ಬೇಕಾಗಿಲ್ಲ’ ಎಂಬುದು ಅವಳ ಲೆಕ್ಕ. ಲೆಕ್ಕದಲ್ಲಿ ತಪ್ಪು ಕಾಣುವುದಿಲ್ಲ, ಆದರೆ ಇಂಗ್ಲಿಷಿನ ‘ಮಸ್ಟ್ ನಾಟ್’ ನಮ್ಮ ‘ಬಾರದು’ವಿಗೆ ಮಾತ್ರ ಮೀಸಲು. ಅವಳು ಚೀಟಿಯನ್ನು ತಿರುಗಿಸಿ, ಹಿಂಬದಿಯಲ್ಲಿ ‘ಬಾರದ, ಮಸ್ಟ್ ನಾಟ್, ಬೇಕಾಗಿಲ್ಲದ, ಡೋಂಟ್ ಹ್ಯಾವ್ ಟು’ ಎಂದು ಬರೆದು ಫೋನಿನ ಕವರಿನೊಳಗೆ ಇಟ್ಟುಕೊಂಡಳು.

ಇದರ ಜೊತೆಗೆ ಉಚ್ಚಾರಣೆಯ ಒಂದು ಮಾತು. ಸಂಬಂಧವಾಕ್ಯದ ನಡುವೆ ಬರುವ ‘ಕ್ಯಾನ್’ ಓಡುವ ಮಾತಿನಲ್ಲಿ ‘ಕನ್’ ಎಂದು ಸಣ್ಣಗಾಗುತ್ತದೆ, ‘ಕಾಂಟ್’ ಎಂಬುದು ಒತ್ತಿ ಕೇಳಿಸುತ್ತದೆ. ನಾವು ‘ಕ್ಯಾನ್’ ಅನ್ನೂ ಒತ್ತಿ ಹೇಳಿದರೆ ಕೆಲವರ ಕಿವಿಗೆ ಅದು ನಿಷೇಧವಾಗಿ ಬೀಳಬಹುದು. ಒತ್ತು ಮುಂದಿನ ಧಾತುವಿನ ಮೇಲಿರಲಿ.

ನಾಮಪದವೇ ಇಲ್ಲದಾಗ

ಕನ್ನಡದಲ್ಲಿ ಕೃದಂತದ ಮುಂದೆ ನಾಮಪದವನ್ನಿಡದೆ ‘ಅವರು’, ‘ಅದು’ ಸೇರಿಸಿ ಕೆಲಸ ಮುಗಿಸುತ್ತೇವೆ: ಹೋಗಬೇಕಾದವರು, ಹತ್ತಲಾಗದವರು, ಮಾಡಬೇಕಾದದ್ದು. ಜನರಾದರೆ ‘ದೋಸ್ ಹೂ’ ಅಥವಾ ‘ಎನಿವನ್ ಹೂ’ ಎಂದು ಆರಂಭಿಸಬೇಕು: ‘ದೋಸ್ ಹೂ ಹ್ಯಾವ್ ಟು ಗೋ’. ವಸ್ತು ಅಥವಾ ವಿಷಯವಾದರೆ ‘ವಾಟ್’ ಒಂದೇ ಸಾಕು, ಏಕೆಂದರೆ ‘ವಾಟ್’ನಲ್ಲಿ ನಾಮಪದವೂ ಕೊಂಡಿಯೂ ಎರಡೂ ಸೇರಿವೆ: ‘ದಿಸ್ ಈಸ್ ವಾಟ್ ಯೂ ಶುಡ್ ಡು’. ‘ದಿ ಥಿಂಗ್ ವಾಟ್ ಯೂ ಶುಡ್ ಡು’ ಎಂದರೆ ನಾಮಪದ ಎರಡು ಸಲ ಬಂದಂತಾಯಿತು.

ಮಾಡುವವರು ಯಾರೆಂದು ಕನ್ನಡ ಹೇಳದಿದ್ದಾಗ ಇನ್ನೊಂದು ಕೆಲಸ ಬೀಳುತ್ತದೆ. ‘ನಾಳೆಯೊಳಗೆ ಕಳುಹಿಸಬೇಕಾದ ಪತ್ರ’ ಎಂಬಲ್ಲಿ ಕಳುಹಿಸುವವರು ಕಾಣುವುದಿಲ್ಲ. ‘ಎ ಲೆಟರ್ ವಿಚ್ ಮಸ್ಟ್ ಸೆಂಡ್’ ಎಂದರೆ ಪತ್ರವೇ ಏನನ್ನೋ ಕಳುಹಿಸಬೇಕೆಂದಾಗುತ್ತದೆ. ಒಂದೋ ಕರ್ತೃವನ್ನು ತಂದು ‘ಎ ಲೆಟರ್ ವಿ ಮಸ್ಟ್ ಸೆಂಡ್’ ಎನ್ನಬೇಕು, ಇಲ್ಲವೇ ಕರ್ಮಣಿಗೆ ತಿರುಗಿಸಿ ‘ಎ ಲೆಟರ್ ವಿಚ್ ಮಸ್ಟ್ ಬಿ ಸೆಂಟ್’ ಎನ್ನಬೇಕು.

ಅಲ್ಪವಿರಾಮದ ವಿಚಾರವನ್ನು ಬರೆಯುವವರು ನೆನಪಿಡಬೇಕು. ‘ಕಾರು ಓಡಿಸಬಲ್ಲ ನನ್ನ ಅಣ್ಣ’ ಎಂದರೆ ಅಣ್ಣ ಒಬ್ಬನೋ ಹಲವರೋ ಕನ್ನಡ ತಿಳಿಸುವುದಿಲ್ಲ. ಇಂಗ್ಲಿಷಿನಲ್ಲಿ ಅಣ್ಣ ಒಬ್ಬನೇ ಆಗಿದ್ದರೆ ‘ಮೈ ಬ್ರದರ್, ಹೂ ಕ್ಯಾನ್ ಡ್ರೈವ್,’ ಎಂದು ಎರಡೂ ಕಡೆ ಅಲ್ಪವಿರಾಮ ಹಾಕಬೇಕು. ‘ಲಾಲ್‌ಬಾಗ್, ವಿಚ್ ಯೂ ಕ್ಯಾನ್ ರೀಚ್ ಬೈ ದಿ ಗ್ರೀನ್ ಲೈನ್,’ ಎಂಬಲ್ಲಿಯೂ ಅಷ್ಟೇ, ಲಾಲ್‌ಬಾಗ್ ಒಂದೇ ಇರುವುದು. ಅಲ್ಪವಿರಾಮ ಬಂದಲ್ಲಿ ‘ದಟ್’ ಬರುವುದಿಲ್ಲ, ಕೊಂಡಿಪದವನ್ನು ಬಿಡುವಂತೆಯೂ ಇಲ್ಲ.

ಇಷ್ಟೆಲ್ಲ ಕಲಿತ ಮೇಲೆ, ಎಷ್ಟೋ ಸಲ ಇದಾವುದೂ ಬೇಡವೆಂಬುದನ್ನೂ ತಿಳಿದಿರಬೇಕು. ‘ಮಾಡಬೇಕಾದ ಕೆಲಸ’ ಎಂಬುದಕ್ಕೆ ‘ವರ್ಕ್ ದಟ್ ಐ ಹ್ಯಾವ್ ಟು ಡು’ ಎನ್ನುವ ಬದಲು ‘ವರ್ಕ್ ಟು ಡು’ ಎಂದರೆ ಮುಗಿಯಿತು. ಈ ಒಂದು ‘ಟು’ ಕೊಂಡಿಯನ್ನೂ ಮೋಡಲನ್ನೂ ಎರಡನ್ನೂ ಹೊತ್ತುಕೊಳ್ಳುತ್ತದೆ, ಥೇಟ್ ನಮ್ಮ ‘ಬೇಕಾದ’ದ ಹಾಗೆ. ‘ಕುಳಿತುಕೊಳ್ಳಬಹುದಾದ ಜಾಗ’ ಎಂಬುದು ‘ಎ ಪ್ಲೇಸ್ ಟು ಸಿಟ್’, ‘ಮಾತಾಡಬಹುದಾದ ಒಬ್ಬರು’ ಎಂಬುದು ‘ಸಮ್‌ವನ್ ಟು ಟಾಕ್ ಟು’. ಬಾಲದ ಸಣ್ಣ ಪದ ಇಲ್ಲಿಯೂ ಉಳಿಯುತ್ತದೆಂಬುದನ್ನು ಗಮನಿಸಿ. ಬೇಕೋ ಬಹುದೋ ಎಂಬುದನ್ನು ಬಿಡಿಸಿ ಹೇಳಲೇಬೇಕಾದಾಗ ಮಾತ್ರ ಉದ್ದದ ದಾರಿ ಹಿಡಿಯಿರಿ.

ಕೊನೆಯದಾಗಿ, ತರಗತಿಯಲ್ಲಿ ನಾವು ಒಟ್ಟಿಗೆ ಇಂಗ್ಲಿಷಿಗೆ ತಂದ ಒಂದು ಅಪಾರ್ಟ್‌ಮೆಂಟ್ ಸೂಚನೆಯನ್ನು ಇಲ್ಲಿ ಕೊಡುತ್ತೇನೆ. ಕನ್ನಡದಲ್ಲಿ ಹೀಗಿತ್ತು: ‘ಸಂಪು ತೊಳೆಯುವುದರಿಂದ ನಾಳೆ ಮಧ್ಯಾಹ್ನದವರೆಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಬೇಗ ಕೆಲಸಕ್ಕೆ ಹೋಗಬೇಕಾದವರು ಇಂದು ರಾತ್ರಿಯೇ ನೀರು ಹಿಡಿದಿಟ್ಟುಕೊಳ್ಳಬೇಕು. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ವಾಚ್‌ಮನ್ ನೀರು ತಂದುಕೊಡುತ್ತಾರೆ. ಟ್ಯಾಂಕರಿನದು ಕುಡಿಯಬಾರದ ನೀರು. ಕುಡಿಯುವ ನೀರು ಬೇಕಾದವರು ಆಫೀಸಿನಲ್ಲಿ ಹೆಸರು ಬರೆಸಬಹುದು.’

ಮೊದಲ ವಾಕ್ಯದಲ್ಲಿ ಸಂಬಂಧವಾಕ್ಯವಿಲ್ಲ, ಅದನ್ನು ಬಿಟ್ಟೆವು. ಎರಡನೆಯದರಲ್ಲಿ ಎರಡು ‘ಬೇಕು’ಗಳಿವೆ, ಒಳಗಿನದು ಸನ್ನಿವೇಶದ ಒತ್ತಾಯ, ಹೊರಗಿನದು ಸಲಹೆ. ಆದ್ದರಿಂದ ‘ದೋಸ್ ಹೂ ಹ್ಯಾವ್ ಟು ಲೀವ್ ಅರ್ಲಿ ಫಾರ್ ವರ್ಕ್ ಶುಡ್ ಸ್ಟೋರ್ ವಾಟರ್ ಟುನೈಟ್’ ಎಂದಾಯಿತು. ಒಳಗಿನ ಮೋಡಲಿಗೂ ಹೊರಗಿನ ಮೋಡಲಿಗೂ ಸಂಬಂಧವಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಆರಿಸಬೇಕು. ಮೂರನೆಯದು ‘ದಿ ವಾಚ್‌ಮನ್ ವಿಲ್ ಬ್ರಿಂಗ್ ವಾಟರ್ ಟು ಎಲ್ಡರ್ಲಿ ರೆಸಿಡೆಂಟ್ಸ್ ಹೂ ಕೆನಾಟ್ ಕ್ಲೈಂಬ್ ದಿ ಸ್ಟೇರ್ಸ್’. ನಾಲ್ಕನೆಯದರಲ್ಲಿ ಒಬ್ಬ ಹುಡುಗ ‘ಟ್ಯಾಂಕರ್ ವಾಟರ್ ಈಸ್ ವಾಟರ್ ವಿಚ್ ಯೂ ಮಸ್ಟ್ ನಾಟ್ ಡ್ರಿಂಕ್’ ಎಂದು ನಿಯಮ ತಪ್ಪದೆ ಬರೆದಿದ್ದ, ಆದರೆ ಫಲಕದ ಮೇಲೆ ‘ಡು ನಾಟ್ ಡ್ರಿಂಕ್ ದಿ ಟ್ಯಾಂಕರ್ ವಾಟರ್’ ಎಂಬ ನೇರ ಮಾತೇ ಕೆಲಸ ಮಾಡುತ್ತದೆಂದು ಎಲ್ಲರೂ ಒಪ್ಪಿದೆವು. ಕೊನೆಯ ವಾಕ್ಯದಲ್ಲಿ ಬಹುತೇಕ ಎಲ್ಲರೂ ಎಡವಿದರು, ‘ದೋಸ್ ಹೂ ಮಸ್ಟ್ ಡ್ರಿಂಕಿಂಗ್ ವಾಟರ್’ ಎಂದು. ‘ಬೇಕಾದವರು’ ಎಂಬುದರ ಹಿಂದೆ ಧಾತುವಿಲ್ಲದೆ ‘ನೀರು’ ಎಂಬ ನಾಮಪದ ಇರುವುದರಿಂದ ಅಲ್ಲಿನ ‘ಬೇಕು’ ಮೋಡಲ್ ಅಲ್ಲ, ಪೂರ್ಣ ಕ್ರಿಯಾಪದ: ‘ದೋಸ್ ಹೂ ನೀಡ್ ಡ್ರಿಂಕಿಂಗ್ ವಾಟರ್ ಮೇ ಗಿವ್ ದೇರ್ ನೇಮ್ಸ್ ಅಟ್ ದಿ ಆಫೀಸ್’.